ಸೋಲಾರ್ ಸೆಲ್‌ನ ಅಣುಗಳು ತಾವಾಗಿಯೇ ಸಾಲುಗಟ್ಟುವುದು: ಧಾರವಾಡದಲ್ಲಿದ್ದು ಇದರ ಮೇಲೆ ಪ್ರಾಜೆಕ್ಟ್ ಮಾಡಬಹುದಾ?

ಸಪ್ತಾಪುರ_ಕೆಮಿಸ್ಟ್ರಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್ ವಿಷಯ ಗೊತ್ತುಮಾಡಿಕೊಳ್ಳಬೇಕು. ನಮ್ಮ ಗೈಡ್ ಒಂದು ವಿಷಯ ಸೂಚಿಸಿದ್ದಾರೆ. ಸಾವಯವ, ಅಂದರೆ ಇಂಗಾಲದ ಅಣುಗಳಿಂದ ಮಾಡಿದ, ಸೋಲಾರ್ ಸೆಲ್‌ಗೆ ಬಳಸುವ ಅಣುಗಳು ಒಂದು ಮೇಲ್ಮೈ ಮೇಲೆ ಬಿದ್ದಾಗ ಯಾರೂ ಜೋಡಿಸದೆ ತಾವೇ ಸಾಲಾಗಿ ಕೂರುತ್ತವಂತೆ. ಆ ಜೋಡಣೆ ಹೇಗಿರುತ್ತದೆ ಅಂತ ನೋಡಬೇಕು.

ಓದಲು ಶುರು ಮಾಡಿದೆ, ಇಷ್ಟವಾಯಿತು. ಆದರೆ ಮನೆಯಲ್ಲಿ ಹೇಳಿದರೆ ಅಪ್ಪ ಕೇಳುವುದು ಒಂದೇ: "ಇದರಿಂದ ಕರೆಂಟ್ ಬರುತ್ತಾ?" ನನಗೂ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಒಂದು ಅಣುವಿನಷ್ಟು ದಪ್ಪದ ಪದರ ಹೇಗೆ ಕೂತರೆ ಏನು ವ್ಯತ್ಯಾಸ? ಮಾರ್ಕೆಟ್‌ನಲ್ಲಿ ಸಿಲಿಕಾನ್ ಪ್ಯಾನೆಲ್ ಇರುವಾಗ ಇದು ಯಾಕೆ ಬೇಕು? ಮತ್ತೆ ಇಂಥ ಕೆಲಸಕ್ಕೆ ಬೇಕಾದ ಉಪಕರಣಕ್ಕೆ ಎಲ್ಲಿ ಹೋಗಬೇಕು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ವಿದ್ಯಾನಗರ_ಸೋಲಾರ್

ತಂಗಿ, ನಾನು ಹುಬ್ಬಳ್ಳಿಯಲ್ಲಿ ಮನೆ ಮೇಲೆ ಪ್ಯಾನೆಲ್ ಕೂರಿಸುವ ಕೆಲಸ ಮಾಡುತ್ತೇನೆ. ಈಗ ಸಿಗುವ ಸಿಲಿಕಾನ್ ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ 20-22% ಕರೆಂಟ್ ಮಾಡುತ್ತದೆ. 25 ವರ್ಷ ವಾರಂಟಿ ಕೊಡುತ್ತಾರೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಜನ ಕೇಳುವುದು ರೇಟು, ಬಾಳಿಕೆ, ಬಿಲ್ ಎಷ್ಟು ಉಳಿಯುತ್ತದೆ, ಇಷ್ಟೇ. ಸಾವಯವ ಪ್ಯಾನೆಲ್ ಬೇಕು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನಿಮ್ಮ ಓದಿಗೆ ಅಡ್ಡ ಬರಬೇಕು ಅಂತ ಹೇಳುತ್ತಿಲ್ಲ. ಆದರೆ ಅಪ್ಪನ ಪ್ರಶ್ನೆಯಲ್ಲಿ ತಪ್ಪಿಲ್ಲ.

ನವಲೂರು_ಅಕ್ಕ

ನಾನು ಪಿಎಚ್.ಡಿ. ಮಾಡಿದ್ದು ಇದೇ ವಿಷಯದಲ್ಲಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಓದಿ.

ವಿದ್ಯಾನಗರ ಅಣ್ಣ ಹೇಳಿದ್ದು ನಿಜ. ಮನೆ ಮೇಲೆ ಇವತ್ತು ಹಾಕಿಸುವುದಾದರೆ ಸಿಲಿಕಾನ್ ಹಾಕಿಸಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪ್ರಾಜೆಕ್ಟ್ ಪ್ಯಾನೆಲ್ ಮಾಡುವುದಲ್ಲ. ಬೆಳಕು ಕರೆಂಟ್ ಆಗುವ ದಾರಿಯಲ್ಲಿ ಅಣು ಹೇಗೆ ಕೂತಿದೆ ಅನ್ನುವುದಕ್ಕೆ ಎಷ್ಟು ಪಾತ್ರವಿದೆ ಅಂತ ತಿಳಿಯುವುದು. ಆ ಪಾತ್ರ ಬಹಳ ದೊಡ್ಡದು.

ಸಿಲಿಕಾನ್ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಸುಲಭವಾಗಿ ಬಿಡಿಸಿಕೊಂಡು ಓಡಾಡುತ್ತದೆ. ಕೋಣೆಯ ಶಾಖವೇ ಅದಕ್ಕೆ ಸಾಕು. ಸಾವಯವ ಅಣುವಿನಲ್ಲಿ ಹಾಗಾಗುವುದಿಲ್ಲ. ಎಲೆಕ್ಟ್ರಾನ್ ಮೇಲಕ್ಕೆ ಹಾರುತ್ತದೆ, ಆದರೆ ತಾನು ಬಿಟ್ಟು ಬಂದ ಖಾಲಿ ಜಾಗಕ್ಕೆ ಕಟ್ಟಿಕೊಂಡೇ ಇರುತ್ತದೆ. ಈ ಜೋಡಿಗೆ ಎಕ್ಸೈಟಾನ್ ಅಂತಾರೆ. ಅದನ್ನು ಬಿಡಿಸಲು ಸುಮಾರು 0.3ರಿಂದ 0.5 ಎಲೆಕ್ಟ್ರಾನ್ ವೋಲ್ಟ್ ಬೇಕು. ಕೋಣೆಯ ಶಾಖ ಕೊಡುವುದು 0.025 ಮಾತ್ರ. ಅಂದರೆ ಹತ್ತು ಪಟ್ಟಿಗಿಂತ ಜಾಸ್ತಿ ಕೊರತೆ.

ಹಾಗಾದರೆ ಬಿಡಿಸುವುದು ಹೇಗೆ? ಪಕ್ಕದಲ್ಲಿ ಎಲೆಕ್ಟ್ರಾನನ್ನು ಜಾಸ್ತಿ ಎಳೆಯುವ ಇನ್ನೊಂದು ಜಾತಿಯ ಅಣು ಇರಬೇಕು. ಒಂದು ಎಲೆಕ್ಟ್ರಾನ್ ಕೊಡುವ ಅಣು, ಇನ್ನೊಂದು ತೆಗೆದುಕೊಳ್ಳುವ ಅಣು. ಇವೆರಡು ಸೇರುವ ಗಡಿಯಲ್ಲಿ ಜೋಡಿ ಒಡೆಯುತ್ತದೆ. 1986ರಲ್ಲಿ ಕೊಡಾಕ್ ಕಂಪನಿಯ ಟ್ಯಾಂಗ್ ಹೀಗೆ ಎರಡು ಪದರದ ಸೆಲ್ ಮಾಡಿ ತೋರಿಸಿದರು. ಒಂದು ಪದರ ತಾಮ್ರದ ಥ್ಯಾಲೋಸಯನಿನ್, ಇನ್ನೊಂದು ಪೆರಿಲೀನ್ ಜಾತಿಯದು. ದಕ್ಷತೆ ಸುಮಾರು 1%.

ತೊಂದರೆ ಎಲ್ಲಿ ಬಂತು ಗೊತ್ತಾ? ಎಕ್ಸೈಟಾನ್ ಸಾಯುವ ಮೊದಲು ಸುಮಾರು 10 ನ್ಯಾನೋಮೀಟರ್ ಅಷ್ಟೇ ನಡೆಯುತ್ತದೆ. ಆದರೆ ಬೆಳಕನ್ನು ಚೆನ್ನಾಗಿ ಹೀರಲು ಪದರ ಸುಮಾರು 100 ನ್ಯಾನೋಮೀಟರ್ ದಪ್ಪ ಇರಬೇಕು. ಗಡಿಯಿಂದ ದೂರದಲ್ಲಿ ಹುಟ್ಟಿದ ಎಕ್ಸೈಟಾನ್ ಎಲ್ಲ ವ್ಯರ್ಥ. 1995ರಲ್ಲಿ ಹೀಗರ್ ಅವರ ತಂಡ ಎರಡೂ ವಸ್ತುವನ್ನು ಒಂದೇ ದ್ರಾವಣದಲ್ಲಿ ಬೆರೆಸಿ ಪದರ ಮಾಡಿತು. ಆಗ ಗಡಿ ಎಲ್ಲ ಕಡೆ ಹಬ್ಬಿರುತ್ತದೆ. ಆದರೆ ಬೆರೆಸಿದ ಮೇಲೆ ಯಾವ ಅಣು ಎಲ್ಲಿ, ಯಾವ ಕಡೆ ಮುಖ ಮಾಡಿ ಕೂರುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಅಣುಗಳೇ ತೀರ್ಮಾನ ಮಾಡುತ್ತವೆ. ನಿಮ್ಮ ಪ್ರಾಜೆಕ್ಟ್ ಶುರುವಾಗುವುದು ಇಲ್ಲಿಂದ.

ಈಗ ಲ್ಯಾಬಿನ ಚಿಕ್ಕ ಸೆಲ್‌ಗಳಲ್ಲಿ ದಕ್ಷತೆ 19% ದಾಟಿದೆ. 2019ರಲ್ಲಿ ವೈ6 ಅನ್ನುವ ಅಣು ಬಂದ ಮೇಲೆ ಒಮ್ಮೆಲೇ ಏರಿತು, ಅದನ್ನು ಬಳಸಿದ ಸೆಲ್ 15.7% ಕೊಟ್ಟಿತ್ತು. ಆ ಅಣು ಅಷ್ಟು ಚೆನ್ನಾಗಿ ಕೆಲಸ ಮಾಡಲು ಒಂದು ದೊಡ್ಡ ಕಾರಣ ಅದು ಪಕ್ಕದ ಅಣುವಿನ ಜೊತೆ ಒತ್ತಾಗಿ ಕೂರುವ ರೀತಿ.

ಗದಗ_ಪ್ರೆಸ್

ಮೇಡಂ, ಒಂದು ನಿಮಿಷ. ತಾಮ್ರದ ಥ್ಯಾಲೋಸಯನಿನ್ ಅಂದಿರಿ. ಗದಗಿನಲ್ಲಿ ನಮ್ಮದು ಆಫ್‌ಸೆಟ್ ಪ್ರೆಸ್. ನಾವು ಬಳಸುವ ಸಯಾನ್ ಇಂಕಿನ ಡಬ್ಬಿಯ ಜೊತೆ ಬರುವ ಹಾಳೆಯಲ್ಲಿ ಥ್ಯಾಲೋ ಬ್ಲೂ ಅಂತ ಇರುತ್ತದೆ. ಅದೇನಾ ಇದು?

ನವಲೂರು_ಅಕ್ಕ

ಅದೇರೀ! ನಾಲ್ಕು ಬಣ್ಣದ ಮುದ್ರಣದ ಸಯಾನ್ ಬಹುತೇಕ ಎಲ್ಲ ಕಡೆ ಅದೇ ಅಣು, ಪಿಗ್ಮೆಂಟ್ ಬ್ಲೂ 15:3. ನಿಮ್ಮ ಪ್ರೆಸ್ಸಿನಲ್ಲಿ ಕೇಜಿ ಲೆಕ್ಕದಲ್ಲಿ ಇರುವ ಅಣು 1986ರ ಸೋಲಾರ್ ಸೆಲ್‌ನ ಒಂದು ಪದರ.

ನಿಮಗೆ ಇನ್ನೊಂದು ವಿಷಯ ಹೇಳಬೇಕು, ಯಾಕೆಂದರೆ ಇದನ್ನು ನೀವು ಕಣ್ಣಿಂದಲೇ ನೋಡಿರುತ್ತೀರಿ. 15:3 ಸ್ವಲ್ಪ ಹಸಿರು ಛಾಯೆಯ ನೀಲಿ. 15:1 ಅಂತ ಇನ್ನೊಂದು ಬರುತ್ತದೆ, ಅದು ಸ್ವಲ್ಪ ಕೆಂಪು ಛಾಯೆಯ ನೀಲಿ. ಎರಡರಲ್ಲೂ ಮೂಲ ಅಣು ಒಂದೇ. 15:1ರ ಹರಳು ಬದಲಾಗದಿರಲಿ ಅಂತ ಅದಕ್ಕೆ ಸ್ವಲ್ಪ ಕ್ಲೋರಿನ್ ಸೇರಿಸಿರುತ್ತಾರೆ, ಅಷ್ಟೇ. ಹರಳಿನೊಳಗೆ ಅಣುಗಳು ಒಂದರ ಪಕ್ಕ ಒಂದು ಓರೆಯಾಗಿ ಪೇರಿಕೊಂಡಿರುವ ರೀತಿ ಬೇರೆ. ಮುಖ್ಯವಾಗಿ ಅದರಿಂದಲೇ ಬಣ್ಣ ಬದಲಾಗುತ್ತದೆ. ಬಣ್ಣ ಬದಲಾಯಿತು ಅಂದರೆ ಅದು ಹೀರುವ ಬೆಳಕು ಬದಲಾಯಿತು ಅಂತ ಅರ್ಥ ಅಲ್ವಾ?

ಸಪ್ತಾಪುರದ ತಂಗಿ, ಜೋಡಣೆಯಿಂದ ಏನು ವ್ಯತ್ಯಾಸ ಅಂತ ಕೇಳಿದ್ದೆಯಲ್ಲ, ಅಪ್ಪನಿಗೆ ಈ ಎರಡು ನೀಲಿ ಇಂಕನ್ನು ಪಕ್ಕಪಕ್ಕ ಹಾಕಿ ತೋರಿಸು.

ಗದಗ_ಪ್ರೆಸ್

15:1 ನೋಡಿದ್ದೇನೆ ಮೇಡಂ, ಪ್ಲಾಸ್ಟಿಕ್ ಕೆಲಸದವರ ಹತ್ತಿರ. ಅಣು ಬೇರೆ ಇರಬೇಕು ಅಂತ ಅಂದುಕೊಂಡಿದ್ದೆ. ತುಂಬಾ ಖುಷಿಯಾಯಿತು ಓದಿ. ಅಂದಹಾಗೆ, ಸಾವಯವ ಸೆಲ್ಲನ್ನು ಇಂಕಿನ ಹಾಗೆ ಪ್ರಿಂಟ್ ಮಾಡಬಹುದು ಅಂತ ಕೇಳಿದ್ದೆ, ಹೌದಾ?

ನವಲೂರು_ಅಕ್ಕ

ಹೌದು, ಅದೇ ಇದರ ದೊಡ್ಡ ಆಕರ್ಷಣೆ. ದ್ರಾವಣ ಮಾಡಿ ಪ್ಲಾಸ್ಟಿಕ್ ರೋಲ್ ಮೇಲೆ ಹಚ್ಚಬಹುದು. ಸಿಲಿಕಾನನ್ನು ಸುಮಾರು 1,400 ಡಿಗ್ರಿಯಲ್ಲಿ ಕರಗಿಸಬೇಕು, ಇದಕ್ಕೆ ಅಂಥ ಕುಲುಮೆ ಬೇಡ. ಹಗುರ, ಬಾಗುತ್ತದೆ, ಬಣ್ಣ ಬೇಕಾದ ಹಾಗೆ ಮಾಡಬಹುದು. ಮನೆಯೊಳಗಿನ ಎಲ್‌ಇಡಿ ಬೆಳಕಿನಲ್ಲಿ ಸಾವಯವ ಸೆಲ್ ಸಾಮಾನ್ಯ ಸಿಲಿಕಾನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಹಾಗಾಗಿ ಚಿಕ್ಕ ಸೆನ್ಸರ್‌ಗಳಿಗೆ ಹೊಂದುತ್ತದೆ. ಆದರೆ ಇಂಕ್ ಒಣಗುವಾಗ ಅಣುಗಳು ಹೇಗೆ ಕೂರುತ್ತವೆ ಅನ್ನುವುದೇ ಎಲ್ಲ. 2007ರಲ್ಲಿ ಒಂದು ಪಾಲಿಮರ್ (ಉದ್ದ ಸರಪಳಿಯಂಥ ಅಣು) ಮಿಶ್ರಣಕ್ಕೆ ಆಲ್ಕೇನ್ ಡೈಥಯಾಲ್ ಅನ್ನುವ ವಸ್ತುವನ್ನು ಸ್ವಲ್ಪವೇ ಬೆರೆಸಿದರು. ದಕ್ಷತೆ 2.8%ನಿಂದ 5.5%ಗೆ ಹೋಯಿತು. ಸಾಮಾನು ಅದೇ, ಒಣಗಿದ ರೀತಿ ಬೇರೆ.

ಹಾವೇರಿ_ಮೇಷ್ಟ್ರು

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮಕ್ಕಳಿಗೆ ಅರ್ಥವಾಗುವ ಹಾಗೆ ಒಂದು ಮಾತು ಸೇರಿಸುತ್ತೇನೆ.

ಈ ಅಣುಗಳು ಹೆಚ್ಚಾಗಿ ಚಪ್ಪಟೆ. ಖಡಕ್ ರೊಟ್ಟಿ ಅಂದುಕೊಳ್ಳಿ. ಬುಟ್ಟಿಯಲ್ಲಿ ಒಂದರ ಮೇಲೊಂದು ಮಲಗಿಸಿ ಇಡಬಹುದು. ಇಲ್ಲ ಡಬ್ಬಿಯಲ್ಲಿ ಅಂಚಿನ ಮೇಲೆ ನಿಲ್ಲಿಸಿ ಇಡಬಹುದು. ಎಲೆಕ್ಟ್ರಾನ್ ಒಂದು ರೊಟ್ಟಿಯಿಂದ ಪಕ್ಕದ ರೊಟ್ಟಿಗೆ ಮುಖದಿಂದ ಮುಖಕ್ಕೆ ಹಾರುವುದು ಸುಲಭ, ಅಂಚಿನಿಂದ ಅಂಚಿಗೆ ಹಾರುವುದು ಕಷ್ಟ. ಸೋಲಾರ್ ಸೆಲ್‌ನಲ್ಲಿ ಕರೆಂಟ್ ಮೇಲಿನಿಂದ ಕೆಳಕ್ಕೆ ಹೋಗಬೇಕು, ಎರಡು ಇಲೆಕ್ಟ್ರೋಡ್ ಮೇಲೊಂದು ಕೆಳಗೊಂದು ಇರುತ್ತದೆ. ಹಾಗಾಗಿ ಮಲಗಿಸಿ ಇಟ್ಟಿದ್ದೇ ಒಳ್ಳೆಯದು. ಟ್ರಾನ್ಸಿಸ್ಟರ್‌ನಲ್ಲಿ ಕರೆಂಟ್ ಅಡ್ಡಕ್ಕೆ ಹೋಗುತ್ತದೆ, ಅಲ್ಲಿ ನಿಲ್ಲಿಸಿದ್ದು ಒಳ್ಳೆಯದು. ಒಂದೇ ವಸ್ತು, ಒಂದು ಕಡೆ ಗುಣ, ಇನ್ನೊಂದು ಕಡೆ ದೋಷ.

ಸರಿ ಇದೆಯಾ ಮೇಡಂ?

ನವಲೂರು_ಅಕ್ಕ

ಸರಿಯಾಗಿದೆ ಸರ್. ಮುಖದಿಂದ ಮುಖಕ್ಕೆ ಇರುವ ಅಂತರ ಸುಮಾರು 3.5 ಆಂಗ್‌ಸ್ಟ್ರಮ್ (ಹತ್ತು ಆಂಗ್‌ಸ್ಟ್ರಮ್ ಅಂದರೆ ಒಂದು ನ್ಯಾನೋಮೀಟರ್). ಗ್ರಾಫೈಟ್‌ನ ಪದರಗಳ ನಡುವೆ ಇರುವ 3.35ಕ್ಕೆ ಹತ್ತಿರ.

ಮಲಗಿದರೆ ಇನ್ನೊಂದು ಲಾಭವೂ ಇದೆ. ಇಂಥ ಚಪ್ಪಟೆ ಅಣು ಬೆಳಕನ್ನು ಹೀರುವುದು ತನ್ನ ಹಾಳೆಯ ದಿಕ್ಕಿನಲ್ಲಿ ಕಂಪಿಸುವ ವಿದ್ಯುತ್ ಕ್ಷೇತ್ರದಿಂದ. ಬೆಳಕು ಮೇಲಿನಿಂದ ನೇರ ಬಿದ್ದರೆ ಅದರ ಕ್ಷೇತ್ರ ಅಡ್ಡಕ್ಕೆ ಇರುತ್ತದೆ. ಮಲಗಿದ ಅಣು ಅದನ್ನು ಚೆನ್ನಾಗಿ ಹಿಡಿಯುತ್ತದೆ. ನಿಂತ ಅಣುವಿಗೆ ಕಡಿಮೆ ಸಿಗುತ್ತದೆ.

ಥ್ಯಾಲೋಸಯನಿನ್ ಚಿನ್ನದ ಮೇಲೆ, ಬೆಳ್ಳಿಯ ಮೇಲೆ, ಗ್ರಾಫೈಟ್ ಮೇಲೆ ಮಲಗುತ್ತದೆ, ಮೇಲ್ಮೈ ಅದನ್ನು ಬಲವಾಗಿ ಎಳೆದುಕೊಳ್ಳುತ್ತದೆ. ಗಾಜಿನ ಮೇಲೆ ಅಥವಾ ಸೋಲಾರ್ ಸೆಲ್‌ನ ಪಾರದರ್ಶಕ ಇಲೆಕ್ಟ್ರೋಡ್ ಆದ ಐಟಿಓ ಪದರದ ಮೇಲೆ ಎಳೆತ ಕಡಿಮೆ. ಅಲ್ಲಿ ಅಣುಗಳು ತಮ್ಮತಮ್ಮಲ್ಲೇ ಅಂಟಿಕೊಂಡು ಎದ್ದು ನಿಲ್ಲುತ್ತವೆ. ಅಂದರೆ ನಮಗೆ ಬೇಕಾದ ಜಾಗದಲ್ಲೇ ನಮಗೆ ಬೇಡದ ಭಂಗಿ. ಅದಕ್ಕೆ ಐಟಿಓ ಮೇಲೆ ಮೊದಲು ತಾಮ್ರದ ಅಯೋಡೈಡ್‌ನ ತೆಳುಪದರ ಅಥವಾ ಪಿಟಿಸಿಡಿಎ ಅನ್ನುವ ಪೆರಿಲೀನ್ ಅಣುವಿನ ಪದರ ಹಾಕುತ್ತಾರೆ. ಅದರ ಮೇಲೆ ಬಂದ ಥ್ಯಾಲೋಸಯನಿನ್ ಮಲಗುತ್ತದೆ, ಮುಂದಿನ ಪದರಗಳೂ ಮಲಗುತ್ತಾ ಹೋಗುತ್ತವೆ. ತಳದ ಒಂದು ಪದರ ಮೇಲಿನ ಎಲ್ಲ ಪದರಗಳ ಗತಿ ತೀರ್ಮಾನ ಮಾಡಿತು. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಸಪ್ತಾಪುರ_ಕೆಮಿಸ್ಟ್ರಿ

ಅಕ್ಕಾ, ಮೇಷ್ಟ್ರೇ, ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಎರಡು ದಿಕ್ಕಿನ ವಿಷಯ ಪುಸ್ತಕದಲ್ಲಿ ಓದಿದ್ದೆ, ಈಗ ಕಣ್ಣಿಗೆ ಕಟ್ಟಿದ ಹಾಗಾಯಿತು.

ಆದರೆ ಅಣು ಮಲಗಿದೆಯೋ ನಿಂತಿದೆಯೋ ಅಂತ ನೋಡುವುದು ಹೇಗೆ? ಎಸ್‌ಟಿಎಂ (ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪ್) ಅಂತ ಗೈಡ್ ಹೇಳಿದರು. ಅದು ತುಂಬಾ ದುಬಾರಿ ಅಲ್ವಾ?

ನವಲೂರು_ಅಕ್ಕ

ಅತಿ ನಿರ್ವಾತ, ಅತಿ ತಂಪು ಬೇಕಾಗುವ ದೊಡ್ಡ ಎಸ್‌ಟಿಎಂ ದುಬಾರಿ. ಆದರೆ ಗಾಳಿಯಲ್ಲೇ, ಕೋಣೆಯ ಶಾಖದಲ್ಲೇ, ಒಂದು ಹನಿ ದ್ರಾವಣದ ಕೆಳಗೆ ಅಣುಗಳನ್ನು ನೋಡುವ ಎಸ್‌ಟಿಎಂ ಮೇಜಿನ ಮೇಲೆ ಕೂರುವಷ್ಟು ಚಿಕ್ಕದು. ಕೆಲಸ ಹೇಗೆ ನಡೆಯುತ್ತದೆ ಹೇಳುತ್ತೇನೆ.

ಒಂದು ಚೌಕ ಗ್ರಾಫೈಟ್ ತುಂಡು ಇರುತ್ತದೆ, ಉಗುರಿನಷ್ಟು ಅಗಲ. ಅದರ ಮೇಲೆ ಸಾಮಾನ್ಯ ಸೆಲ್ಲೋ ಟೇಪ್ ಅಂಟಿಸಿ, ಬೆರಳಿಂದ ಒತ್ತಿ, ಒಂದು ಮೂಲೆಯಿಂದ ನಿಧಾನಕ್ಕೆ ಎಬ್ಬಿಸುತ್ತೇವೆ. ಮೇಲಿನ ಪದರ ಟೇಪಿಗೆ ಬರುತ್ತದೆ. ಕೆಳಗೆ ಕನ್ನಡಿಯಂಥ ಹೊಸ ಮೇಲ್ಮೈ. ಆಮೇಲೆ ಪ್ಲಾಟಿನಂ-ಇರಿಡಿಯಂ ತಂತಿ. ಇಕ್ಕಳದಿಂದ ಎಳೆದು ಹಿಡಿದು ಕಟ್ಟರಿನಿಂದ ಓರೆಯಾಗಿ ಕತ್ತರಿಸಬೇಕು, ಕತ್ತರಿಸುವಾಗಲೇ ಸ್ವಲ್ಪ ಎಳೆಯಬೇಕು. ಚೆನ್ನಾಗಿ ಬಂದರೆ ತುದಿಯಲ್ಲಿ ಒಂದೇ ಒಂದು ಪರಮಾಣು ಎಲ್ಲಕ್ಕಿಂತ ಮುಂದೆ ಇರುತ್ತದೆ. ಬರದಿದ್ದರೆ ಇನ್ನೊಮ್ಮೆ ಕತ್ತರಿಸುವುದು. ಇದು ಕೈಗೆ ಬರುವ ಕೆಲಸ, ಪುಸ್ತಕದಿಂದ ಬರುವುದಿಲ್ಲ.

ದ್ರಾವಣದ ಒಂದು ಹನಿಯನ್ನು ಗ್ರಾಫೈಟ್ ಮೇಲೆ ಬಿಟ್ಟು ತಂತಿಯ ತುದಿಯನ್ನು ಹನಿಯೊಳಗೆ ಇಳಿಸುತ್ತೇವೆ. ತುದಿ ಮೇಲ್ಮೈಗೆ ತಾಗುವುದಿಲ್ಲ, ಒಂದು ನ್ಯಾನೋಮೀಟರಿಗಿಂತ ಕಡಿಮೆ ಅಂತರ ಉಳಿಯುತ್ತದೆ. ಆ ಅಂತರದಲ್ಲಿ ಎಲೆಕ್ಟ್ರಾನ್ ನುಸುಳುತ್ತದೆ. ಅಂತರ 1 ಆಂಗ್‌ಸ್ಟ್ರಮ್ ಬದಲಾದರೆ ಕರೆಂಟ್ ಸುಮಾರು ಹತ್ತು ಪಟ್ಟು ಬದಲಾಗುತ್ತದೆ. ಅದಕ್ಕೇ ಒಂದೊಂದು ಅಣುವೂ ಕಾಣುತ್ತದೆ. ಬಿನ್ನಿಗ್ ಮತ್ತು ರೋರರ್ 1981ರಲ್ಲಿ ಜ್ಯೂರಿಕ್‌ನಲ್ಲಿ ಇದನ್ನು ಮಾಡಿ ತೋರಿಸಿದರು, 1986ರಲ್ಲಿ ನೊಬೆಲ್ ಬಂತು.

ಥ್ಯಾಲೋಸಯನಿನ್ ಮಲಗಿದ್ದರೆ ನಾಲ್ಕು ಎಸಳು ಕಾಣುತ್ತವೆ, ಅಗಲ ಸುಮಾರು 1.4 ನ್ಯಾನೋಮೀಟರ್. ಅದರಲ್ಲೂ ಒಂದು ಸೊಗಸು ನೋಡು: ಮಧ್ಯದಲ್ಲಿ ತಾಮ್ರ ಇದ್ದರೆ ನಡುವೆ ಕಪ್ಪು ಗುಳಿ, ಕೋಬಾಲ್ಟ್ ಇದ್ದರೆ ನಡುವೆ ಬೆಳಕಿನ ಚುಕ್ಕೆ. ಉಳಿದ ಅಣು ಅದೇ. ಎರಡನ್ನೂ ಬೆರೆಸಿದರೆ ಯಾವುದು ಯಾವುದು ಅಂತ ಎಣಿಸಬಹುದು.

ಇನ್ನು ತೊಂದರೆಗಳು. ಸೀಲಿಂಗ್ ಫ್ಯಾನ್ ಬಂದ್ ಮಾಡಲೇಬೇಕು. ಪಕ್ಕದ ಕೋಣೆಯ ಪಂಪು, ರಸ್ತೆಯ ಲಾರಿ, ಕಾರಿಡಾರಿನಲ್ಲಿ ನಡೆದಾಡುವವರು, ಎಲ್ಲವೂ ಚಿತ್ರದಲ್ಲಿ ಗೆರೆಯಾಗಿ ಬರುತ್ತದೆ. ಬೈಪಾಸ್ ಕಡೆಯ ಕಟ್ಟಡವಾದರೆ ರಾತ್ರಿ ಕೆಲಸ ಮಾಡುವುದೇ ಲೇಸು.

ಭೌತಶಾಸ್ತ್ರ_ರಾಯಾಪುರ

ಚರ್ಚೆ ಚೆನ್ನಾಗಿದೆ. ಆದರೆ ಒಂದು ಗಟ್ಟಿ ಆಕ್ಷೇಪ ಇದೆ, ವಿದ್ಯಾರ್ಥಿನಿಯ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಗ್ರಾಫೈಟ್ ಮೇಲ್ಮೈ ಪರಮಾಣು ಮಟ್ಟದಲ್ಲಿ ಸಮತಟ್ಟು. ಐಟಿಓ ಹಾಗಿಲ್ಲ, ಉಬ್ಬು ತಗ್ಗು ಇರುತ್ತದೆ. ಗ್ರಾಫೈಟ್ ಮೇಲೆ ದ್ರಾವಣ ಇದ್ದ ಹಾಗೇ ನೋಡುತ್ತೀರಿ. ಅಲ್ಲಿ ಅಣುಗಳಿಗೆ ಬೇಕಾದಷ್ಟು ಸಮಯ ಇದೆ, ಎದ್ದು ಹೋಗಿ ಮತ್ತೆ ಬಂದು ಕೂತು ತಮಗೆ ಹಿತವಾದ ಜಾಗ ಹುಡುಕಿಕೊಳ್ಳುತ್ತವೆ. ನಿಜವಾದ ಸೆಲ್‌ನಲ್ಲಿ ಪದರ ಕೆಲವೇ ಸೆಕೆಂಡುಗಳಲ್ಲಿ ಒಣಗುತ್ತದೆ. ಎಲ್ಲಿ ಸಿಕ್ಕಿಹಾಕಿಕೊಂಡವೋ ಅಲ್ಲೇ ಉಳಿಯುತ್ತವೆ. ಒಂದು ಪದರದ ಚಿತ್ರ ನೋಡಿ ನೂರು ನ್ಯಾನೋಮೀಟರ್ ಮಿಶ್ರಣದ ಬಗ್ಗೆ ಮಾತಾಡುವುದು ಸರಿಯಲ್ಲ. ಚಂದದ ಚಿತ್ರ ಹಾಕಿ ಮುನ್ನುಡಿಯಲ್ಲಿ ಸೋಲಾರ್ ಸೆಲ್ ಅಂತ ಬರೆದ ಪ್ರಬಂಧ ಬೇಕಾದಷ್ಟು ನೋಡಿದ್ದೇನೆ. ಒಂದರಲ್ಲೂ ಸೆಲ್ ಇರಲಿಲ್ಲ.

ನವಲೂರು_ಅಕ್ಕ

ಸರ್, ನಿಮ್ಮ ಆಕ್ಷೇಪದ ಮೊದಲರ್ಧ ನಾನು ಪೂರ್ತಿ ಒಪ್ಪುತ್ತೇನೆ. ಒಣಗುವ ವೇಗದ ವಿಷಯ ಎಲ್ಲ ವಿದ್ಯಾರ್ಥಿಗಳೂ ನೆನಪಿಡಬೇಕು. ಆದರೆ ಒಂದು ಪದರದಿಂದ ಏನೂ ತಿಳಿಯುವುದಿಲ್ಲ ಅನ್ನುವುದನ್ನು ಒಪ್ಪಲಾರೆ.

ಪಿಟಿಸಿಡಿಎ ಪದರದ ಉದಾಹರಣೆ ಮೇಲೆಯೇ ಇದೆ. ಅದಕ್ಕಿಂತ ಹೊಸದು ಹೇಳುತ್ತೇನೆ. ಸೆಲ್‌ನಲ್ಲಿ ಐಟಿಓ ಮೇಲೆ ಪೆಡಾಟ್-ಪಿಎಸ್‌ಎಸ್ ಅನ್ನುವ ಪದರ ಹಾಕುವುದು ರೂಢಿ. ಅದು ಆಮ್ಲೀಯ, ಐಟಿಓವನ್ನು ನಿಧಾನಕ್ಕೆ ತಿನ್ನುತ್ತದೆ. ತೇವ ಹೀರುತ್ತದೆ. ಈಗ ಬಹಳ ಕಡೆ ಅದರ ಬದಲು 2ಪಿಎಸಿಝಡ್ ಅನ್ನುವ ಅಣು ಬಳಸುತ್ತಾರೆ. ಒಂದು ತುದಿಯಲ್ಲಿ ಫಾಸ್ಫೋನಿಕ್ ಆಮ್ಲದ ಗುಂಪು, ಅದು ಐಟಿಓದ ಆಕ್ಸೈಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ ಕಾರ್ಬಜೋಲ್, ಅದು ಮೇಲಕ್ಕೆ ಮುಖ ಮಾಡುತ್ತದೆ. ಎಥನಾಲ್‌ನಲ್ಲಿ ಕರಗಿಸಿ ಹಚ್ಚಿ, 100 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ, ಅಂಟದೆ ಉಳಿದದ್ದನ್ನು ತೊಳೆದರೆ ಮುಗಿಯಿತು. ಉಳಿಯುವುದು ಒಂದೇ ಅಣುವಿನ ಪದರ, ದಪ್ಪ ಸುಮಾರು 1 ನ್ಯಾನೋಮೀಟರ್. ಇಡೀ ಸೆಲ್‌ನ ಧನ ಆವೇಶ ಅದರ ಮೂಲಕ ಹೊರಗೆ ಬರುತ್ತದೆ. ಅದು ದಟ್ಟವಾಗಿ ಕೂತಿದೆಯಾ, ನಡುವೆ ತೂತು ಬಿದ್ದಿದೆಯಾ, ಅಣುಗಳು ನೆಟ್ಟಗಿವೆಯಾ ವಾಲಿವೆಯಾ, ಇವೆಲ್ಲ ಕರೆಂಟಿನ ಲೆಕ್ಕಕ್ಕೆ ಬರುತ್ತವೆ.

ವಿದ್ಯಾನಗರ ಅಣ್ಣ, ಇದು ನಿಮಗೂ ಸಂಬಂಧಪಟ್ಟದ್ದು. ಇದೇ ಕುಟುಂಬದ ಅಣುವಿನ ಪದರ ಹಾಕಿ, ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಅನ್ನುವ ಬೆಳಕು ಹೀರುವ ಇನ್ನೊಂದು ವಸ್ತುವನ್ನು ಕೂರಿಸಿ, ಜರ್ಮನಿ ಮತ್ತು ಲಿಥುವೇನಿಯಾದ ಸಂಶೋಧಕರು 2020ರಲ್ಲಿ 29.15% ದಕ್ಷತೆ ತೋರಿಸಿದರು. ಅಲ್ಲಿ ಸಿಲಿಕಾನ್ ಇದೆ, ಅದರ ಜೊತೆಗೇ ತಾವಾಗಿಯೇ ಸಾಲುಗಟ್ಟಿದ ಸಾವಯವ ಅಣುಗಳೂ ಇವೆ. ಇವೆರಡು ಒಂದರ ಹೊಟ್ಟೆಯ ಮೇಲೆ ಇನ್ನೊಂದು ಹೊಡೆಯುವ ವಸ್ತುಗಳಲ್ಲ.

ವಿದ್ಯಾನಗರ_ಸೋಲಾರ್

29% ಅಂದರೆ ಅದೇ ಜಾಗದಲ್ಲಿ ಈಗಿನದಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ ಕರೆಂಟ್. ಹುಬ್ಬಳ್ಳಿಯ ಹಳೇ ಓಣಿಗಳಲ್ಲಿ ತಾರಸಿ ಚಿಕ್ಕದು, ನೀರಿನ ಟ್ಯಾಂಕಿನ ನೆರಳು ಬೇರೆ. ಅಂಥ ಕಡೆ ಇದು ದೊಡ್ಡ ಮಾತು. ಬಾಳಿಕೆ ಬಂದರೆ ನಾನೇ ಮೊದಲು ಹಾಕುತ್ತೇನೆ.

ಭೌತಶಾಸ್ತ್ರ_ರಾಯಾಪುರ

2ಪಿಎಸಿಝಡ್ ಉದಾಹರಣೆ ಒಪ್ಪಿದೆ. ಅಲ್ಲಿ ಒಂದು ಪದರವೇ ಸೆಲ್‌ನ ಭಾಗ. ಹಾಗಾದರೆ ನನ್ನ ಸಲಹೆ ಇಷ್ಟು: ಎಸ್‌ಟಿಎಂ ಚಿತ್ರಕ್ಕೆ ನಿಲ್ಲಿಸಬೇಡಿ. ಪಕ್ಕದಲ್ಲಿ ಒಂದು ದಪ್ಪ ಪದರವನ್ನೂ ಮಾಡಿ, ಎಕ್ಸ್-ರೇ ಡಿಫ್ರಾಕ್ಷನ್ (ಎಕ್ಸ್-ರೇ ಚದುರುವ ಕೋನದಿಂದ ಅಣುಗಳ ಅಂತರ ತಿಳಿಯುವ ಅಳತೆ) ತೆಗೆಯಿರಿ.

ಪಿ3ಎಚ್‌ಟಿ ಅನ್ನುವ ಪಾಲಿಮರ್ ಇದಕ್ಕೆ ಬಹಳ ಒಳ್ಳೆಯದು. ಗಾಜಿನ ಮೇಲೆ ಹಚ್ಚಿ, ತಾಮ್ರದ ಎಕ್ಸ್-ರೇಯಲ್ಲಿ ಸಾಮಾನ್ಯ ಉಪಕರಣದಲ್ಲೇ ತೆಗೆದರೆ 5.4 ಡಿಗ್ರಿ ಹತ್ತಿರ ಚೂಪಾದ ಒಂದು ಶಿಖರ ಬರುತ್ತದೆ. ಬ್ರ್ಯಾಗ್ ಸೂತ್ರ ಹಾಕಿದರೆ ಸುಮಾರು 16 ಆಂಗ್‌ಸ್ಟ್ರಮ್. ಅದು ಸರಪಳಿಗೆ ಅಂಟಿದ ಪಕ್ಕದ ಬಾಲಗಳ ದಿಕ್ಕಿನಲ್ಲಿ ಸರಪಳಿಗಳ ನಡುವೆ ಇರುವ ಅಂತರ. ಅದು ಮೇಲ್ಮುಖವಾಗಿ ಕಂಡರೆ ಸರಪಳಿಗಳು ಅಂಚಿನ ಮೇಲೆ ನಿಂತಿವೆ ಅಂತ ಅರ್ಥ. ಮೇಷ್ಟ್ರ ಡಬ್ಬಿಯ ರೊಟ್ಟಿ. ಈ ಅಳತೆಗೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರವಾದ ಯುಎಸ್‌ಐಸಿಯಲ್ಲಿ ಮೊದಲು ವಿಚಾರಿಸಿ.

ಇನ್ನೊಂದು ಎಚ್ಚರಿಕೆ. ಗ್ರಾಫೈಟ್ ಮೋಸ ಮಾಡುತ್ತದೆ. ಅದರ ಪದರದ ಅಂಚುಗಳು ಕೆಲವೊಮ್ಮೆ ಸುರುಳಿಯ ಹಾಗೆ, ಥೇಟ್ ಡಿಎನ್‌ಎ ಹಾಗೆ ಕಾಣುತ್ತವೆ. 1991ರಲ್ಲೇ ಇದನ್ನು ಪ್ರಕಟಿಸಿ ಎಚ್ಚರಿಸಿದ್ದಾರೆ. ಬರೀ ದ್ರಾವಕ ಹಾಕಿ, ಅಣು ಇಲ್ಲದೆ ಮೊದಲು ಚಿತ್ರ ತೆಗೆಯಿರಿ. ಆ ಚಿತ್ರ ಇಲ್ಲದಿದ್ದರೆ ನಾನು ಪರೀಕ್ಷಕನಾಗಿ ಬಂದರೆ ಮೊದಲು ಅದನ್ನೇ ಕೇಳುತ್ತೇನೆ.

ಬ್ಯಾಡಗಿ_ಮಾರ್ಕೆಟ್

ನಮ್ಮದು ಮೆಣಸಿನಕಾಯಿ ವ್ಯಾಪಾರ, ವಿಜ್ಞಾನ ಬಿಎಸ್ಸಿವರೆಗೆ ಓದಿದ್ದೇನೆ. ಬಾಳಿಕೆ ಅಂತ ವಿದ್ಯಾನಗರ ಸಾಹೇಬರು ಹೇಳಿದರು, ಅದರ ಬಗ್ಗೆ ಒಂದು ಪ್ರಶ್ನೆ. ಬ್ಯಾಡಗಿ ಕಾಯಿಗೆ ರೇಟು ಬರುವುದು ಬಣ್ಣಕ್ಕೆ. ಬಿಸಿಲು ಗಾಳಿ ತಾಗುತ್ತಾ ಇದ್ದರೆ ಕೆಂಪು ಮಾಸುತ್ತದೆ, ಅದಕ್ಕೇ ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತೇವೆ. ಈ ಸಾವಯವ ಸೆಲ್ ಕೂಡ ಬಣ್ಣದ ಅಣುವೇ ಅಲ್ವಾ? ಬಿಸಿಲಲ್ಲೇ ಇಡುವ ವಸ್ತು ಮಾಸುವುದಿಲ್ಲವಾ?

ನವಲೂರು_ಅಕ್ಕ

ಈ ಚರ್ಚೆಯಲ್ಲಿ ಬಂದ ಅತ್ಯಂತ ಮುಖ್ಯ ಪ್ರಶ್ನೆ ಇದು. ಮಾಸುತ್ತದೆ, ಮತ್ತು ಕಾರಣವೂ ಬಹಳ ಹತ್ತಿರದ್ದು. ಬ್ಯಾಡಗಿಯ ಕೆಂಪು ಮುಖ್ಯವಾಗಿ ಕ್ಯಾಪ್ಸಾಂಥಿನ್. ಅದರಲ್ಲಿ ಒಂದು ಬಿಟ್ಟು ಒಂದು ಜೋಡಿಬಂಧ ಉದ್ದಕ್ಕೆ ಸಾಲಾಗಿದೆ. ಆ ಸಾಲೇ ಬೆಳಕು ಹೀರಿ ಬಣ್ಣ ಕೊಡುತ್ತದೆ. ಬೆಳಕು ಮತ್ತು ಆಮ್ಲಜನಕ ಸೇರಿದರೆ ಆ ಸಾಲು ತುಂಡಾಗುತ್ತದೆ, ಬಣ್ಣ ಹೋಗುತ್ತದೆ. ಸೋಲಾರ್ ಪಾಲಿಮರ್‌ಗಳಲ್ಲೂ ಅಂಥದ್ದೇ ಸಾಲು ಇದೆ. ಪಿ3ಎಚ್‌ಟಿ ಪದರವನ್ನು ಗಾಳಿಯಲ್ಲಿ ಬಿಸಿಲಿಗೆ ಇಟ್ಟರೆ ಅದರ ಕೆನ್ನೇರಳೆ ಬಣ್ಣ ಮಾಸುತ್ತಾ ಬರುತ್ತದೆ.

ಸೆಲ್ಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡಲು ಆಗುವುದಿಲ್ಲ. ಹಾಗಾಗಿ ಗಾಳಿ, ತೇವ ಒಳಗೆ ಹೋಗದ ಹಾಗೆ ಎರಡೂ ಕಡೆ ಮುಚ್ಚುತ್ತಾರೆ. ಇಲ್ಲಿಯೂ ಜೋಡಣೆಗೆ ಕೆಲಸ ಇದೆ. ಒತ್ತಾಗಿ, ಹರಳಾಗಿ ಕೂತ ಭಾಗಕ್ಕೆ ಆಮ್ಲಜನಕ ನುಗ್ಗುವುದು ಕಷ್ಟ. ಅಡ್ಡಾದಿಡ್ಡಿ ಕೂತ ಭಾಗ ಮೊದಲು ಹಾಳಾಗುತ್ತದೆ. ಗದಗಿನ ಪ್ರೆಸ್ಸಿನವರ ಥ್ಯಾಲೋ ನೀಲಿ ಬಿಸಿಲಿಗೆ ಅಷ್ಟು ಸುಲಭಕ್ಕೆ ಮಾಸುವುದಿಲ್ಲ, ಅದೊಂದು ಗಟ್ಟಿ ಅಣು. ಆದರೆ ಒಳ್ಳೆಯ ದಕ್ಷತೆ ಕೊಡುವ ಈಗಿನ ಅಣುಗಳಲ್ಲಿ ಎಲ್ಲವೂ ಅಷ್ಟು ಗಟ್ಟಿಯಿಲ್ಲ. 20% ಹತ್ತಿರ ಬಂದರೂ ಸಾವಯವ ಪ್ಯಾನೆಲ್ ಮಾಳಿಗೆಗೆ ಬರದೇ ಇರುವುದಕ್ಕೆ ಇದು ಬಹಳ ದೊಡ್ಡ ಕಾರಣ.

ಹಾವೇರಿ_ಮೇಷ್ಟ್ರು

ಮುಂದಿನ ವಾರದ ಪಾಠಕ್ಕೆ ಮೆಣಸಿನಕಾಯಿ ತೆಗೆದುಕೊಂಡು ಹೋಗುತ್ತೇನೆ. ಒಂದು ಬಟ್ಟಲು ಬಿಸಿಲಿಗೆ, ಒಂದು ಕಪಾಟಿನೊಳಗೆ. ಮಕ್ಕಳು ಮರೆಯುವುದಿಲ್ಲ.

ಸಪ್ತಾಪುರ_ಕೆಮಿಸ್ಟ್ರಿ

ಗೈಡ್ ಜೊತೆ ಮಾತಾಡಿದೆ. ಎಸ್‌ಟಿಎಂ ಕೆಲಸ ಮತ್ತು ಪಿ3ಎಚ್‌ಟಿ ಎಕ್ಸ್-ರೇ ಎರಡೂ ಸೇರಿಸಲು ಒಪ್ಪಿದರು. ಆದರೆ ಮೊದಲ ದಿನವೇ ಥ್ಯಾಲೋಸಯನಿನ್ ಹಾಕಿದರೆ ಕಾಣದೇ ಹೋದೀತು ಅಂತ ಭಯ, ಯಾಕೆಂದರೆ ಅದು ಸಾಮಾನ್ಯ ದ್ರಾವಕಗಳಲ್ಲಿ ಕರಗುವುದೇ ಕಷ್ಟ. ಅಭ್ಯಾಸಕ್ಕೆ ಯಾವ ಅಣುವಿನಿಂದ ಶುರು ಮಾಡಲಿ ಅಕ್ಕಾ? ಉಪಕರಣ ಇಲ್ಲಿ ಸಿಗದಿದ್ದರೆ ಏನು ಮಾಡಲಿ?

ನವಲೂರು_ಅಕ್ಕ

ಟ್ರೈಮೆಸಿಕ್ ಆಮ್ಲ. ಕಣ್ಣು ಮುಚ್ಚಿಕೊಂಡು ಅದರಿಂದ ಶುರು ಮಾಡು. ಅಗ್ಗದ ಅಣು. ಬೆಂಜೀನ್ ಉಂಗುರ, ಮೂರು ಕಡೆ ಮೂರು ಕಾರ್ಬಾಕ್ಸಿಲಿಕ್ ಗುಂಪು. ಎದುರುಬದುರು ಬಂದ ಗುಂಪುಗಳು ಹೈಡ್ರೋಜನ್ ಬಂಧದಿಂದ ಹಿಡಿದುಕೊಳ್ಳುತ್ತವೆ. ಮೂರು ದಿಕ್ಕಿಗೂ ಹೀಗೇ ಹಬ್ಬಿ ಜೇನುಗೂಡಿನ ಜಾಲವಾಗುತ್ತದೆ. ಒಂದೊಂದು ತೂತೂ ಸುಮಾರು 1 ನ್ಯಾನೋಮೀಟರ್ ಅಗಲ.

ಇದರಲ್ಲಿ ಒಂದು ಪಾಠ ಇದೆ, ಗದಗಿನ ಅಣ್ಣನ ಇಂಕಿಗೂ ಅದು ಹೊಂದುತ್ತದೆ. ದ್ರಾವಕವಾಗಿ ಉದ್ದ ಸರಪಳಿಯ ಕೊಬ್ಬಿನ ಆಮ್ಲ ಬಳಸಿದರೆ ಜೇನುಗೂಡು ಬರುತ್ತದೆ, ಚಿಕ್ಕ ಸರಪಳಿಯದು ಬಳಸಿದರೆ ಇನ್ನೂ ದಟ್ಟವಾದ ಹೂವಿನ ವಿನ್ಯಾಸ. ಹೆಪ್ಟನೋಯಿಕ್ ಆಮ್ಲದಲ್ಲಿ ಎರಡೂ ಕಾಣುತ್ತವೆ. ಅಣು ಅದೇ, ಗ್ರಾಫೈಟ್ ಅದೇ, ಬದಲಾಗಿದ್ದು ದ್ರಾವಕದ ಬಾಲ. ಸೆಲ್‌ಗೆ ದ್ರಾವಕ ಆರಿಸುವಾಗ ಜನ ಅಷ್ಟು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಅದು ಕೈಗೆ ಹತ್ತಿದ ಮೇಲೆ ಪೆರಿಲೀನ್ ಕಡೆ ಹೋಗು. 2003ರಲ್ಲಿ ನಾಟಿಂಗ್‌ಹ್ಯಾಮ್‌ನವರು ಪೆರಿಲೀನ್ ಡೈಇಮೈಡ್ ಮತ್ತು ಮೆಲಮೈನ್ ಬೆರೆಸಿ ಬೆಳ್ಳಿ ಲೇಪಿಸಿದ ಸಿಲಿಕಾನ್ ಮೇಲೆ ದೊಡ್ಡ ಜೇನುಗೂಡು ಕಟ್ಟಿಸಿದರು. ಒಂದೊಂದು ತೂತಿನಲ್ಲಿ ಏಳು ಸಿ60 ಚೆಂಡುಗಳು (ಒಂದೊಂದೂ 60 ಇಂಗಾಲದ ಪರಮಾಣುಗಳ ಅಣು) ಕೂತವು. ಮೆಲಮೈನ್ ಅಂದರೆ ಊಟದ ತಟ್ಟೆ ಮಾಡುತ್ತಾರಲ್ಲ, ಅದೇ. ಪೆರಿಲೀನ್ ಜಾತಿ ಕಾರಿನ ಕೆಂಪು ಬಣ್ಣದಲ್ಲಿರುತ್ತದೆ. ಸಿ60 ಸಾವಯವ ಸೆಲ್‌ನಲ್ಲಿ ಎಲೆಕ್ಟ್ರಾನ್ ತೆಗೆದುಕೊಳ್ಳುವ ಅಣು. ಯಾವ ಅಣು ಯಾವ ಜಾಗದಲ್ಲಿ ಇರಬೇಕು ಅಂತ ಮೊದಲೇ ಯೋಚಿಸಿ ಕೂರಿಸಬಹುದು ಅಂತ ಅವರು ತೋರಿಸಿದರು. ನಾನು ಈ ಕ್ಷೇತ್ರಕ್ಕೆ ಬಂದಿದ್ದೇ ಆ ಚಿತ್ರ ನೋಡಿ.

ಉಪಕರಣದ ಬಗ್ಗೆ: ಮೊದಲು ಯುಎಸ್‌ಐಸಿ, ಆಮೇಲೆ ಐಐಟಿ ಧಾರವಾಡ, ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಇಲ್ಲೆಲ್ಲ ಗೈಡ್ ಮೂಲಕ ಪತ್ರ ಹಾಕಿಸಿ ಕೇಳು. ಸಿಗದಿದ್ದರೆ ಬೆಂಗಳೂರಿನ ಐಐಎಸ್‌ಸಿ ಮತ್ತು ಐಐಟಿ ಬಾಂಬೆಯಲ್ಲಿ ಹೊರಗಿನ ವಿದ್ಯಾರ್ಥಿಗಳು ಅಲ್ಲಿನ ಉಪಕರಣ ಬಳಸಲು ಐಎನ್‌ಯುಪಿ ಅನ್ನುವ ಯೋಜನೆ ನಡೆದುಬಂದಿದೆ. ಅರ್ಜಿಯಲ್ಲಿ ಏನು ಅಳೆಯಬೇಕು, ಎಷ್ಟು ಸ್ಯಾಂಪಲ್, ಫಲಿತಾಂಶದಿಂದ ಏನು ತೀರ್ಮಾನ ಮಾಡುತ್ತೀಯ, ಇದನ್ನು ಸ್ಪಷ್ಟವಾಗಿ ಬರೆ. ಸೋಲಾರ್ ಸೆಲ್ ಕ್ರಾಂತಿ ಅಂತೆಲ್ಲ ಬರೆಯಬೇಡ.

ಭೌತಶಾಸ್ತ್ರ_ರಾಯಾಪುರ

ಒಂದೇ ಒಂದು ಸೇರಿಸುತ್ತೇನೆ. ಪ್ರತಿ ಅಳತೆಯ ಮೊದಲೂ ಆಮೇಲೂ ಅದೇ ಜಾಗದ ಗ್ರಾಫೈಟ್ ಜಾಲರಿಯ ಚಿತ್ರ ತೆಗೆಯಿರಿ. ಅದರ ಅಂತರ 0.246 ನ್ಯಾನೋಮೀಟರ್ ಬರಬೇಕು. ಬರದಿದ್ದರೆ ಆ ದಿನದ ಉಳಿದ ಅಳತೆಗಳನ್ನು ಅದೇ ಪ್ರಮಾಣದಲ್ಲಿ ಸರಿಮಾಡಬೇಕು. ಮೇಲಿಂದ ಕೆಳಗೆ ತೆಗೆದ ಚಿತ್ರ, ಕೆಳಗಿಂದ ಮೇಲೆ ತೆಗೆದ ಚಿತ್ರ, ಎರಡನ್ನೂ ಉಳಿಸಿಕೊಳ್ಳಿ.

ಸಪ್ತಾಪುರ_ಕೆಮಿಸ್ಟ್ರಿ

ಬರೆದುಕೊಂಡೆ ಸರ್. ಅಪ್ಪನಿಗೆ ಮೇಲಿನದ್ದೆಲ್ಲ ಓದಿ ಹೇಳಿದೆ. ಎರಡು ನೀಲಿ ಇಂಕಿನ ಮಾತು ಅವರಿಗೆ ಹಿಡಿಸಿತು, ಗದಗಿಗೆ ಹೋದಾಗ ನೋಡಿಬರೋಣ ಅಂದರು. ಗದಗಿನ ಅಣ್ಣಾ, ಬಂದರೆ ತೋರಿಸುತ್ತೀರಾ?

ಅಕ್ಕಾ, ಹೆಪ್ಟನೋಯಿಕ್ ಆಮ್ಲಕ್ಕೆ ವಾಸನೆ ಜಾಸ್ತಿ ಅಂತ ಸೀನಿಯರ್ ಒಬ್ಬರು ಹೇಳಿದರು. ಎಸ್‌ಟಿಎಂ ಪಕ್ಕ ಫ್ಯೂಮ್ ಹುಡ್ (ಆವಿಯನ್ನು ಹೊರಗೆ ಎಳೆಯುವ ಗೂಡು) ಇರುವುದಿಲ್ಲವಲ್ಲ?

ಗದಗ_ಪ್ರೆಸ್

ಖಂಡಿತ ಬನ್ನಿ ತಂಗಿ, ಅಪ್ಪನನ್ನೂ ಕರೆದುಕೊಂಡು ಬನ್ನಿ. 15:1 ಬಣ್ಣದ ಪುಡಿ ಸ್ವಲ್ಪ ತರಿಸಿ ಇಡುತ್ತೇನೆ. ಎರಡನ್ನೂ ಒಂದೇ ಆರ್ಟ್ ಪೇಪರ್ ಮೇಲೆ ಎಳೆದು ಕೊಡುತ್ತೇನೆ.

ನವಲೂರು_ಅಕ್ಕ

ಹೌದು, ಹಳೇ ಎಣ್ಣೆಯ ಕಮಟು ವಾಸನೆ, ಬಟ್ಟೆಗೆ ಹತ್ತಿದರೆ ಬೇಗ ಹೋಗುವುದಿಲ್ಲ. ದ್ರಾವಣ ಮಾಡುವುದೆಲ್ಲ ಹುಡ್ ಒಳಗೆ, ಕೈಗವಸು ಹಾಕಿಕೊಂಡೇ ಮಾಡು. ಎಸ್‌ಟಿಎಂ ಹತ್ತಿರ ಮುಚ್ಚಳದ ಚಿಕ್ಕ ಬಾಟಲಿ ಮಾತ್ರ ಒಯ್ಯಿ. ಗ್ರಾಫೈಟ್ ಮೇಲೆ ಬೇಕಾಗುವುದು ಕೆಲವೇ ಮೈಕ್ರೋಲೀಟರ್. ವಾಸನೆ ತೀರಾ ತಡೆಯದಿದ್ದರೆ ನೊನನೋಯಿಕ್ ಆಮ್ಲ ಬಳಸು. ಅದು ನಿಧಾನಕ್ಕೆ ಆರುತ್ತದೆ, ಒಂದೇ ಹನಿಯಲ್ಲಿ ಜಾಸ್ತಿ ಹೊತ್ತು ಚಿತ್ರ ತೆಗೆಯಬಹುದು, ಜೇನುಗೂಡೂ ಬರುತ್ತದೆ. ಮೊದಲ ಚಿತ್ರ ಬಂದ ದಿನ ಇಲ್ಲೇ ಹಾಕು, ಬರೀ ದ್ರಾವಕದ ಚಿತ್ರದ ಜೊತೆಗೆ.